ಗೃಹಜಾಲ ಮೀಮಾಂಸೆ ಅಥವಾ ಮನೆಗೆ ಯಾವ ನೆಟ್ಟು, ಎಷ್ಟು ಸ್ಪೀಡು

ಉಪೋದ್ಘಾತ ಪ್ರಕರಣ

ಶಾಸ್ತ್ರಗ್ರಂಥಕ್ಕೆ ಕೈ ಹಾಕುವವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ಹಿರಿಯರು ವಿಧಿಸಿದ್ದಾರೆ: ವಿಷಯ ಯಾವುದು, ಪ್ರಯೋಜನವೇನು, ಅವೆರಡರ ಸಂಬಂಧವೇನು, ಓದಲು ಅಧಿಕಾರಿ ಯಾರು. ಪ್ರಕೃತ ಗ್ರಂಥದ ವಿಷಯ, ಮನೆಗೆ ಯಾವ ಕಂಪನಿಯ ಇಂಟರ್ನೆಟ್ ಹಾಕಿಸಬೇಕು, ಎಷ್ಟು ಎಂಬಿಪಿಎಸ್ ತೆಗೆದುಕೊಳ್ಳಬೇಕು ಎಂಬುದು. ಪ್ರಯೋಜನ, ಗೃಹಶಾಂತಿ. ಸಂಬಂಧ ಸ್ಪಷ್ಟವಾಗಿದೆ: ರೌಟರ್‌ನ ದೀಪ ಹಸಿರಾಗಿರುವಷ್ಟು ಹೊತ್ತು ಶಾಂತಿ ಇರುತ್ತದೆ.

ಅಧಿಕಾರಿಯ ವಿಷಯದಲ್ಲಿ ಮಾತ್ರ ಮತಭೇದವಿದೆ. ಬಿಲ್ ಕಟ್ಟುವವನೇ ಅಧಿಕಾರಿ ಎಂದು ಒಂದು ಪಕ್ಷ. ಗೋಡೆಗೆ ತೂತು ಹೊಡೆಯಲು ಒಪ್ಪಿಗೆ ಕೊಡುವ ಮನೆ ಓನರ್ ಎಂದು ಇನ್ನೊಂದು. ಇಂಥ ಕಂಪನಿಯ ವೈರ್ ಬಿಟ್ಟು ಬೇರೆಯದು ಗೇಟಿನೊಳಗೆ ಬರಕೂಡದೆಂದು ನೋಟಿಸ್ ಅಂಟಿಸುವ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಎಂದು ಮೂರನೆಯದು. ಈ ಮೂವರಿಗೂ ಹೇಳದೆ ವೈಫೈ ಪಾಸ್‌ವರ್ಡ್ ಬದಲಾಯಿಸಬಲ್ಲ ಹತ್ತನೇ ಕ್ಲಾಸಿನ ಮಗಳೇ ನಿಜವಾದ ಅಧಿಕಾರಿಯೆಂಬುದು ನಮ್ಮ ಸಿದ್ಧಾಂತ.

ಯುಗ ಪ್ರಕರಣ

ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಅದು ಕೃತಯುಗ. ಮೋಡೆಮ್ ಕಿರುಚಿ ಕಿರುಚಿ ಸಂಪರ್ಕ ಸಾಧಿಸುತ್ತಿತ್ತು. ನೆಟ್ ಬಂದಾಗ ಮನೆಯ ಫೋನ್ ಎಂಗೇಜ್ ಆಗುತ್ತಿತ್ತು. ಫೋಟೋವೊಂದು ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುವುದನ್ನು ಮನೆಮಂದಿಯೆಲ್ಲ ಕೂತು ನೋಡುತ್ತಿದ್ದರು, ಯಾರೂ ಸಿಡುಕುತ್ತಿರಲಿಲ್ಲ.

2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದು, 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಅದು 512 ಆಯಿತು; 2023ರಲ್ಲಿ 2 ಎಂಬಿಪಿಎಸ್‌ಗೆ ಏರಿತು. ಐದು ಜಿಬಿಯ ಸಿನಿಮಾ ಒಂದನ್ನು 2004ರ ವೇಗದಲ್ಲಿ ಇಳಿಸಿಕೊಳ್ಳಲು ಸುಮಾರು 43 ಗಂಟೆ ಬೇಕು. ಇಂದಿನ 100 ಎಂಬಿಪಿಎಸ್‌ನಲ್ಲಿ ಏಳು ನಿಮಿಷ ಸಾಕು. ಯುಗದಿಂದ ಯುಗಕ್ಕೆ ಧರ್ಮ ಇಳಿಯುತ್ತದೆಂದು ಪುರಾಣಗಳು ಹೇಳುತ್ತವೆ. ನಮ್ಮ ಶಾಸ್ತ್ರದಲ್ಲಿ ವೇಗ ಏರುತ್ತದೆ, ಇಳಿಯುವುದು ತಾಳ್ಮೆ. 43 ಗಂಟೆ ಕಾಯಲು ತಯಾರಿದ್ದ ಮನುಷ್ಯನೇ ಈಗ ಪರದೆಯ ಮೇಲೆ ನಾಲ್ಕು ಸೆಕೆಂಡು ಚಕ್ರ ತಿರುಗಿದರೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚುತ್ತಾನೆ.

ಪ್ರಮಾಣ ಪ್ರಕರಣ

ಕನೆಕ್ಷನ್ ಚೆನ್ನಾಗಿದೆ ಎಂದು ತಿಳಿಯುವ ಬಗೆ ಹೇಗೆ? ಒಂದೊಂದೇ ಪ್ರಮಾಣವನ್ನು ಪರೀಕ್ಷಿಸೋಣ.

ಪ್ರತ್ಯಕ್ಷ. ಕನೆಕ್ಷನ್ ಕೊಡಲು ಬಂದ ಹುಡುಗ ರೌಟರ್‌ನ ಪಕ್ಕದಲ್ಲೇ ನಿಂತು, ತನ್ನ ಹೊಸ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಹಾಕಿ, ‘ನೋಡಿ ಸಾರ್, 104 ಬರ್ತಿದೆ’ ಎಂದು ತೋರಿಸುತ್ತಾನೆ. ಇದರಲ್ಲಿ ದೇಶದೋಷ, ಕಾಲದೋಷ ಎರಡೂ ಇವೆ. ಟೆಸ್ಟಿನ ಸರ್ವರ್ ಬಹಳ ಸಲ ಅದೇ ಊರಿನಲ್ಲಿ, ಅದೇ ಕಂಪನಿಯ ಒಳಗೇ ಇರುತ್ತದೆ. ಹೊತ್ತು ಬೆಳಗ್ಗೆ ಹನ್ನೊಂದು. ಇದೇ ಟೆಸ್ಟನ್ನು ರಾತ್ರಿ ಒಂಬತ್ತಕ್ಕೆ, ಒಳಕೋಣೆಯ ಮಂಚದ ಮೇಲೆ, ಐದು ವರ್ಷದ ಹಳೆಯ ಫೋನಿನಲ್ಲಿ ಮಾಡಿದಾಗ ಬರುವುದೇ ಶುದ್ಧ ಪ್ರತ್ಯಕ್ಷ.

ಅನುಮಾನ. ಇದರ ಐದು ಅವಯವಗಳು ಹೀಗಿವೆ. ಪ್ರತಿಜ್ಞೆ: ಈ ಮನೆಯ ಫೈಬರ್ ಕಟ್ ಆಗಿದೆ. ಹೇತು: ಎಲ್‌ಒಎಸ್ ದೀಪ ಕೆಂಪಗೆ ಮಿಟುಕುತ್ತಿದೆ, ಅಂದರೆ ಎಳೆಯಲ್ಲಿ ಬೆಳಕು ಬರುತ್ತಿಲ್ಲ. ಉದಾಹರಣೆ: ಎಲ್ಲೆಲ್ಲಿ ಆ ಕೆಂಪುದೀಪವೋ ಅಲ್ಲಲ್ಲಿ ಫೈಬರ್ ಕಟ್, ಮೊನ್ನೆಯ ಮಳೆಗೆ ಕೊಂಬೆ ಬಿದ್ದಾಗ ಎದುರುಮನೆಯಲ್ಲಿ ಆದ ಹಾಗೆ. ಉಪನಯ: ಈ ಮನೆಯಲ್ಲೂ ಅಂಥದೇ ದೀಪ. ನಿಗಮನ: ಆದ್ದರಿಂದ ಇಲ್ಲೂ ಕಟ್ ಆಗಿದೆ. ಇಷ್ಟು ನಿರ್ದುಷ್ಟ ತರ್ಕವನ್ನು ಕಸ್ಟಮರ್ ಕೇರ್ ಮುಂದಿಟ್ಟರೆ ಬರುವ ಉತ್ತರ: ‘ನಮ್ ಸಿಸ್ಟಮ್‌ನಲ್ಲಿ ನಿಮ್ಮ ಅಕೌಂಟ್ ಆ್ಯಕ್ಟಿವ್ ಅಂತಾನೇ ತೋರಿಸ್ತಿದೆ ಸಾರ್. ಒಂದ್ಸಲ ರೌಟರ್ ಆಫ್ ಮಾಡಿ, ಎರಡು ನಿಮಿಷ ಬಿಟ್ಟು ಆನ್ ಮಾಡಿ.’ ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ನ್ಯಾಯಶಾಸ್ತ್ರ ಇದನ್ನು ಅರ್ಥಾಂತರವೆಂಬ ನಿಗ್ರಹಸ್ಥಾನವೆಂದು ಕರೆದು, ಹೀಗೆ ಮಾಡಿದವನು ವಾದದಲ್ಲಿ ಸೋತನೆಂದು ತೀರ್ಪು ಕೊಡುತ್ತದೆ. ಆದರೆ ಸೋತವನು ಕಂಪ್ಲೇಂಟ್ ನಂಬರ್ ಕೊಟ್ಟು ಫೋನ್ ಇಡುತ್ತಾನೆ. ಗೆದ್ದವನು ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿಕೊಳ್ಳುತ್ತಾನೆ.

ಉಪಮಾನ. ‘ನಮ್ಮ ಷಡ್ಡಕರ ಮನೇಲಿ ಅದೇ ಕಂಪನಿ, ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ?’ ಎಂಬ ರೂಪದ ಜ್ಞಾನವಿದು. ಷಡ್ಡಕರ ಮನೆ ವಿಜಯನಗರದಲ್ಲಿ, ನಮ್ಮದು ಕೆ.ಆರ್.ಪುರದಲ್ಲಿ. ಕಂಪನಿ ಒಂದೇ ಆದರೂ ಕಂಬ ಬೇರೆ, ಕೇಬಲ್ ಆಪರೇಟರ್ ಬೇರೆ. ಹಾಗಾಗಿ ಈ ಪ್ರಮಾಣ ಅಗ್ರಾಹ್ಯ.

ಅರ್ಥಾಪತ್ತಿ. ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ಅವನು ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಊಹಿಸಿದರು. ಮೇಲಿನ ಮನೆಯ ಬಾಡಿಗೆದಾರ ಕನೆಕ್ಷನ್ ಹಾಕಿಸಿಲ್ಲ. ಆದರೂ ಐಪಿಎಲ್‌ನ ಒಂದು ಬಾಲನ್ನೂ ಬಿಡದೆ ನೋಡುತ್ತಾನೆ. ಆದ್ದರಿಂದ ನಮ್ಮ ಪಾಸ್‌ವರ್ಡ್ ಅವನಿಗೆ ಗೊತ್ತಿದೆ. ಸ್ಪೀಡ್ ಕಮ್ಮಿಯೆಂದು ಕಂಪನಿಯನ್ನು ಬೈಯುವ ಮುನ್ನ ಈ ಪ್ರಮಾಣವನ್ನು ಒಮ್ಮೆ ಪ್ರಯೋಗಿಸುವುದು ಕ್ಷೇಮ.

ಶಬ್ದ. ಆಪ್ತನ ಮಾತು ಪ್ರಮಾಣ. ಕರಪತ್ರ ಹಂಚುವವನು ಆಪ್ತನಲ್ಲ. ನಮ್ಮದೇ ಕಂಬದಿಂದ ವೈರ್ ಎಳೆಸಿಕೊಂಡ ಪಕ್ಕದ ಮನೆಯವರು ಆಪ್ತರು. ಆದರೆ ಅವರು ಮಾತಿನ ಕೊನೆಗೆ ರೆಫರಲ್ ಕೋಡ್ ಕಳಿಸಿದರೆ ಆಪ್ತತ್ವ ಅಲ್ಲಿಗೇ ಮುಗಿಯಿತು.

ವೇಗ ಪ್ರಕರಣ

ಪೂರ್ವಪಕ್ಷ: ಹೆಚ್ಚು ಎಂಬಿಪಿಎಸ್ ಇದ್ದಷ್ಟೂ ಒಳ್ಳೆಯದು. ಇದಕ್ಕೆ ಸಮಾಧಾನ ಹೇಳುತ್ತೇವೆ.

ಮೊದಲನೆಯದಾಗಿ, ಪ್ಲಾನಿನಲ್ಲಿ ಹೇಳುವ ಎಂಬಿ ಬಿಟ್ಟುಗಳ ಲೆಕ್ಕ, ಫೈಲಿನ ಎಂಬಿ ಬೈಟುಗಳ ಲೆಕ್ಕ. ಎಂಟು ಬಿಟ್ಟಿಗೆ ಒಂದು ಬೈಟು. ನೂರರ ಪ್ಲಾನಿನಲ್ಲಿ ಡೌನ್‌ಲೋಡ್ ಪಟ್ಟಿ ಹನ್ನೆರಡೂವರೆ ತೋರಿಸಿದರೆ ಯಾರೂ ಮೋಸ ಮಾಡಿಲ್ಲ. ಭಾಗಾಕಾರ ಮಾಡಿದ್ದಾರೆ ಅಷ್ಟೇ.

ಎರಡನೆಯದು ಮನೆಯ ಬೇಡಿಕೆ. ಹಾಲ್‌ನ ಟಿವಿಯಲ್ಲಿ 4ಕೆ ಸಿನಿಮಾ ಓಡಲು ಸುಮಾರು 15 ಎಂಬಿಪಿಎಸ್, ಅಡುಗೆಮನೆಯ ಫೋನಿನಲ್ಲಿ ಎಚ್‌ಡಿ ಧಾರಾವಾಹಿಗೆ 5, ಯಜಮಾನರ ಆಫೀಸ್ ಮೀಟಿಂಗಿಗೆ 4, ಮಗಳ ವಿಡಿಯೊಗೆ 5: ಒಟ್ಟು 29. ವಾಟ್ಸ್‌ಆ್ಯಪ್, ಫೋಟೋ ಬ್ಯಾಕಪ್, ಗೇಟಿನ ಕ್ಯಾಮೆರಾ ಎಲ್ಲ ಸೇರಿದರೂ 40ರ ಆಸುಪಾಸು. ನಾಲ್ಕು ಜನರ ಮನೆಗೆ 50 ಸಾಕು, 100 ಧಾರಾಳ. ನೂರು ಜಿಬಿಯ ಗೇಮ್‌ಗಳನ್ನು ಆಗಾಗ ಇಳಿಸಿಕೊಳ್ಳುವ ಮಗನಿದ್ದರೆ ಅದು ಅಪವಾದ: 100ರಲ್ಲಿ ಎರಡು ಗಂಟೆ ಮೀರುವ ಕೆಲಸ 300ರಲ್ಲಿ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಉಳಿಯುವ ಸಮಯದಲ್ಲಿ ಅವನು ಗೇಮ್ ಆಡುತ್ತಾನೆ. ಓದುತ್ತಾನೆಂಬ ವಾದಕ್ಕೆ ಯಾವ ಪ್ರಮಾಣವೂ ಇಲ್ಲ.

ಮೂರನೆಯದು ಹಂಚಿಕೆ. ಹೆಚ್ಚಿನ ಫೈಬರ್ ಕಂಪನಿಗಳು ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಬರುವುದು ಸುಮಾರು 2.5 ಜಿಬಿಪಿಎಸ್. ಅದನ್ನು ಸ್ಪ್ಲಿಟರ್ ಹಾಕಿ 32 ಮನೆಗೆ, ಕೆಲವೆಡೆ 64 ಮನೆಗೆ ಹಂಚುತ್ತಾರೆ. 32 ಮನೆಯವರೂ ಒಮ್ಮೆಲೇ ಪೂರ್ತಿ ಎಳೆದರೆ ತಲೆಗೆ 78 ಎಂಬಿಪಿಎಸ್. ಆದರೂ ಎಲ್ಲರಿಗೂ 300ರ ಪ್ಲಾನ್ ಮಾರಬಹುದು, ಏಕೆಂದರೆ ಒಂದೇ ಪಂಕ್ತಿಯಲ್ಲಿ ಕೂತವರೆಲ್ಲ ಮೂರನೇ ಸಲ ಪಾಯಸ ಹಾಕಿಸಿಕೊಳ್ಳುವುದಿಲ್ಲವೆಂದು ಅಡುಗೆ ಭಟ್ಟರಿಗೆ ಗೊತ್ತು.

ಅಂತಿಮ ನೂರಡಿ ಪ್ರಕರಣ

ವೇಗ ಸಮುದ್ರದಾಚೆಯಿಂದ ಸುಸೂತ್ರವಾಗಿ ಬಂದು ಕೊನೆಯ ನೂರಡಿಯಲ್ಲಿ ಸಾಯುತ್ತದೆ. ಬೆಂಗಳೂರಿನಲ್ಲಿ ಆ ನೂರಡಿ ಎಂದರೆ ಮರದ ಕೊಂಬೆ, ವಿದ್ಯುತ್ ಕಂಬ, ಪಕ್ಕದ ಮನೆಯ ತಾರಸಿಯ ಸಿಂಟೆಕ್ಸ್. ಗಾಳಿಗೆ ಕೊಂಬೆ ಮುರಿಯುತ್ತದೆ. ಅನುಮತಿಯಿಲ್ಲದ ಕೇಬಲ್ ಕಂಡರೆ ಬೆಸ್ಕಾಂನವರು ಕತ್ತರಿಸುವುದೂ ಉಂಟು. ಮಲೆನಾಡಿನಲ್ಲಿ ಆ ನೂರಡಿ ಕೆಲವೊಮ್ಮೆ ಕೆಲವು ಕಿಲೋಮೀಟರ್ ಆಗುತ್ತದೆ. ತೋಟದ ನಡುವಿನ ಒಂಟಿಮನೆಗೆ ಐದು ಕಂಪನಿಗಳ ತುಲನೆ ಬೇಕಿಲ್ಲ, ಬಿಎಸ್‌ಎನ್‌ಎಲ್ ಫೈಬರ್ ಅಲ್ಲಿಯವರೆಗೆ ಬಂದಿದೆಯೇ ಎಂಬುದೊಂದೇ ಪ್ರಶ್ನೆ. 2020ರ ಲಾಕ್‌ಡೌನ್‌ನಲ್ಲಿ ಅಲ್ಲಿನ ಎಷ್ಟೋ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಗುಡ್ಡ ಹತ್ತಿದರು. ಅವರಿಗೆ ಬೇಕಿದ್ದದ್ದು 300 ಅಲ್ಲ, ಎರಡು.

ಇಲ್ಲಿ ಸಂಪ್ರದಾಯಭೇದವೂ ಇದೆ. ಜಿಪಾನ್ ಸಂಪ್ರದಾಯದಲ್ಲಿ ಎಕ್ಸ್‌ಚೇಂಜಿನಿಂದ ಮನೆಯವರೆಗೂ ಫೈಬರ್. ನಡುವಿನ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಕರೆಂಟ್ ಹೋದಾಗ ರೌಟರ್‌ಗೊಂದು ಪುಟ್ಟ 12 ವೋಲ್ಟ್ ಯುಪಿಎಸ್ ಇದ್ದರೆ ನೆಟ್ ನಡೆಯುತ್ತದೆ. ಸ್ವಿಚ್ ಸಂಪ್ರದಾಯದಲ್ಲಿ ಫೈಬರ್ ಬೀದಿಯ ಯಾವುದೋ ಡಬ್ಬಕ್ಕೆ ಬಂದು, ಅಲ್ಲಿಂದ ಲ್ಯಾನ್ ವೈರ್ ಮನೆಗೆ. ಆ ಡಬ್ಬದ ಕರೆಂಟ್ ಹೋದರೆ ನಿಮ್ಮ ಯುಪಿಎಸ್ ಸುಮ್ಮನೆ ಹಸಿರು ದೀಪ ತೋರಿಸುತ್ತಾ ಕೂರುತ್ತದೆ.

ಇನ್ನು ಮನೆಯೊಳಗಿನ ಹತ್ತಡಿ. 5 ಗಿಗಾಹರ್ಟ್ಸ್ ವೈಫೈ ವೇಗಿ, ಆದರೆ ಎರಡು ಗೋಡೆಗೆ ಸುಸ್ತು, 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಎರಡನ್ನೂ ಸೋಲಿಸುವ ಉಪಾಯ ನಮ್ಮ ಗೃಹಿಣಿಯರಿಗೆ ತಿಳಿದಿದೆ. ‘ಅಸಹ್ಯವಾಗಿ ಕಾಣುತ್ತೆ’ ಎಂದು ರೌಟರನ್ನು ಶೋಕೇಸಿನೊಳಗೆ, ಚನ್ನಪಟ್ಟಣದ ಬೊಂಬೆಗಳ ಹಿಂದೆ, ಕ್ರೋಶಾ ಬಟ್ಟೆ ಹೊದಿಸಿ ಇಡುತ್ತಾರೆ. ಲ್ಯಾನ್ ಪೋರ್ಟ್ 100ರದ್ದೇ ಇರುವ ಹಳೆಯ ರೌಟರ್ ಆದರಂತೂ 300ರ ಪ್ಲಾನ್ ಹಾಕಿಸಿದರೂ ಆ ವೈರಿನಲ್ಲಿ 94 ದಾಟುವುದಿಲ್ಲ.

ಅನಂತ ಪ್ರಕರಣ

ಅನ್‌ಲಿಮಿಟೆಡ್ ಪ್ಲಾನುಗಳಲ್ಲಿ ಹಲವಕ್ಕೆ ತಿಂಗಳಿಗೆ 3300 ಜಿಬಿಯ ಗಡಿ. ದಾಟಿದರೆ ವೇಗ ಇಳಿಯುತ್ತದೆ. ದಿನಕ್ಕೆ 110 ಜಿಬಿ ಆಯಿತು. ಅದನ್ನು ಮುಗಿಸಲು ದಿನವೂ ಹದಿನಾರು ಗಂಟೆ 4ಕೆ ಸಿನಿಮಾ ನೋಡಬೇಕು. ಅನಂತಕ್ಕೆ ಅಂತ್ಯವಿದ್ದರೂ ಗೃಹಸ್ಥನಿಗೆ ಅದರ ದರ್ಶನವಾಗದು. ಅವನಿಗೆ ಖಂಡಿತ ದರ್ಶನವಾಗುವುದು ಜಿಎಸ್‌ಟಿ: 499 ಎಂದು ಅಚ್ಚಾದ ಪ್ಲಾನು ಶೇ 18 ಸೇರಿ 588 ರೂಪಾಯಿ 82 ಪೈಸೆಯಾಗಿ ಬರುತ್ತದೆ.

ಸಿದ್ಧಾಂತ ಮತ್ತು ಫಲಶ್ರುತಿ

ಕಂಪನಿಯ ಹೆಸರಿಗಿಂತ ಕಂಬ ದೊಡ್ಡದು, ಕಂಬಕ್ಕಿಂತ ಲೈನ್‌ಮನ್ ದೊಡ್ಡವನು. ಫೈಬರ್ ಕಡಿದ ದಿನ ಸ್ಪ್ಲೈಸಿಂಗ್ ಮಷೀನ್ ಹಿಡಿದು ಏಣಿ ಹತ್ತುವವನು ಅವನೇ. ಅವನು ಬರುವವರೆಗೆ 50ರ ಮನೆಯೂ 300ರ ಮನೆಯೂ ಸಮಾನ. ಆದ್ದರಿಂದ ಓದುಗರಲ್ಲಿ ವಿನಂತಿ: ಆರು ತಿಂಗಳ ದುಡ್ಡು ಮುಂಗಡ ಕಟ್ಟಿದರೆ ಇನ್‌ಸ್ಟಲೇಷನ್ ಫ್ರೀ ಎಂದರೆ ತಕ್ಷಣ ಒಪ್ಪಬೇಡಿ. ಮೊದಲು ಪಕ್ಕದ ಮನೆಯವರನ್ನು ಕೇಳಿ, ‘ಕಟ್ ಆದ್ರೆ ಎಷ್ಟು ದಿನಕ್ಕೆ ಬರ್ತಾರೆ?’ ಎಂದು. ಒಂದು ತಿಂಗಳಿಗಷ್ಟೇ 50 ಅಥವಾ 100ರ ಪ್ಲಾನ್ ಹಾಕಿಸಿ. ರೌಟರ್ ಮೇಲಿನ ಬಟ್ಟೆ ತೆಗೆಯಿರಿ. ಲೈನ್‌ಮನ್‌ನ ಸ್ವಂತ ನಂಬರ್ ಇಸಿದುಕೊಂಡು, ನೆಟ್ ಚೆನ್ನಾಗಿರುವಾಗಲೇ ಒಮ್ಮೆ ಕರೆದು ಕಾಫಿ ಕೊಡಿ.