ದೋಷ ಹೇಳುವುದು ಉಚಿತ, ಶಾಂತಿಗೆ ಡಾಲರ್

ಕಂಪ್ಯೂಟರಿಗೆ ಕಾಯಿಲೆ ಇದೆ ಅನ್ನುವುದು ಕಂಪ್ಯೂಟರಿಗೇ ಗೊತ್ತಿರುವುದಿಲ್ಲ. ಅದನ್ನು ಪತ್ತೆಹಚ್ಚಿ ಯಜಮಾನರ ಕಿವಿಗೆ ಹಾಕಲು ಒಂದು ಪುಟ್ಟ ಯುಟಿಲಿಟಿ ಬೇಕು. ಡೌನ್‌ಲೋಡ್ ಉಚಿತ, ಸ್ಕ್ಯಾನ್ ಉಚಿತ, ಗಾಬರಿಯೂ ಉಚಿತ. ಬಟನ್ ಒತ್ತಿದ್ದೇ ತಡ, ಹಸಿರು ಪಟ್ಟಿಯೊಂದು ಮುಂದೆ ಸರಿಯುತ್ತದೆ. ಅದರ ಕೆಳಗೆ ಯಾರ ಕಣ್ಣಿಗೂ ನಿಲುಕದ ವೇಗದಲ್ಲಿ ಫೈಲುಗಳ ಹೆಸರುಗಳು ಓಡುತ್ತವೆ. ಕೊನೆಗೆ ಕೆಂಪಕ್ಷರದಲ್ಲಿ ತೀರ್ಪು: ಸಾವಿರದ ಚಿಲ್ಲರೆ ದೋಷಗಳು, ಪರಿಸ್ಥಿತಿ ಗಂಭೀರ. ನಿನ್ನೆಯಷ್ಟೇ ಫಾರ್ಮ್ಯಾಟ್ ಆದ ಯಂತ್ರವೂ ಬರಿಗೈಯಲ್ಲಿ ಕಳಿಸುವುದಿಲ್ಲ. ‘ಎಲ್ಲವನ್ನೂ ಸರಿಪಡಿಸು’ ಎಂದು ಒತ್ತಿದಿರೋ, ಕ್ರೆಡಿಟ್ ಕಾರ್ಡ್ ನಂಬರಿಗಾಗಿ ಖಾಲಿ ಮನೆಗಳು ತೆರೆದುಕೊಳ್ಳುತ್ತವೆ. ಸರ್ಪದೋಷ ಇದೆ ಎನ್ನಲು ದುಡ್ಡು ಕೇಳದ ಜ್ಯೋತಿಷಿ, ಶಾಂತಿಯ ಖರ್ಚಿನ ಪಟ್ಟಿ ಮಾತ್ರ ಮೊದಲೇ ಬರೆದಿಟ್ಟುಕೊಂಡಿರುತ್ತಾನಲ್ಲ, ಹಾಗೆ.

ಆ ಸಾವಿರ ದೋಷಗಳಾದರೂ ಏನು? ಬಹುಪಾಲು, ಎಂದೋ ಕಿತ್ತುಹಾಕಿದ ಪ್ರೋಗ್ರಾಮುಗಳು ವಿಂಡೋಸಿನ ದಾಖಲೆ ಪುಸ್ತಕವಾದ ರಿಜಿಸ್ಟ್ರಿಯಲ್ಲಿ ಬಿಟ್ಟುಹೋದ ಹೆಸರು, ವಿಳಾಸಗಳು. ಎಲ್ಲ ಸೇರಿ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ. ಅವನ್ನು ಗುಡಿಸಿದರೆ ವೇಗ ಹೆಚ್ಚುವುದಿಲ್ಲ, ಗುಡಿಸದಿದ್ದರೆ ತಗ್ಗುವುದೂ ಇಲ್ಲ. ಇಂಥ ಕ್ಲೀನರ್‌ಗಳ ಬಳಕೆಗೆ ನಮ್ಮ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಲಿಖಿತವಾಗಿಯೇ ಹೇಳಿದೆ. ಯಾರು ಓದುತ್ತಾರೆ? ಕೆಂಪಕ್ಷರದಲ್ಲಿ ಬರೆದಿಲ್ಲವಲ್ಲ.

ಮೊದಲು ಬಳಸಿ ನೋಡಿ, ಆಮೇಲೆ ದುಡ್ಡು ಕೊಡಿ ಎನ್ನುವ ಈ ‘ಶೇರ್‌ವೇರ್’ ಪದ್ಧತಿ ಹುಟ್ಟಿದ್ದು ಹೀಗಲ್ಲ. 1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್ ‘ಪಿಸಿ-ಟಾಕ್’ ಬರೆದರು, ಜಿಮ್ ನಾಫ್ ‘ಪಿಸಿ-ಫೈಲ್’ ಬರೆದರು. ಫ್ಲಾಪಿಯಲ್ಲಿ ನಕಲು ಮಾಡಿ ಗೆಳೆಯರಿಗೆ ಹಂಚಿ, ಉಪಯೋಗ ಆಯಿತು ಅನ್ನಿಸಿದರೆ ಇಷ್ಟು ಕಳಿಸಿ ಎಂದರು. ಜನ ಕಳಿಸಿದರು ಕೂಡ. ಮನುಷ್ಯರ ಮೇಲೆ ಇಷ್ಟೊಂದು ನಂಬಿಕೆ ಇಟ್ಟ ವ್ಯಾಪಾರ ಆಮೇಲೆ ಹುಟ್ಟಿದ್ದು ಕಡಿಮೆ. ಕೃತಜ್ಞತೆಗಿಂತ ಭಯಕ್ಕೆ ಬೇಗ ಪರ್ಸ್ ಬಿಚ್ಚುತ್ತದೆ ಎನ್ನುವುದು ಮುಂದಿನವರಿಗೆ ಹೊಳೆಯಿತು.

ಭಯದ ಪೈಕಿ ಮೆಮೊರಿಯ ಭಯ ದೊಡ್ಡದು. ರ್‍ಯಾಮ್‌ಗೆ ಚಿನ್ನದ ಬೆಲೆ ಇದ್ದ 1995ರಲ್ಲಿ ಸಿಂಕ್ರೊನಿಸ್ ಎಂಬ ಕಂಪನಿ ‘ಸಾಫ್ಟ್‌ರ್‍ಯಾಮ್ 95’ ಮಾರಿತು. ಇದನ್ನು ಹಾಕಿದರೆ ಇದ್ದ ಮೆಮೊರಿ ದುಪ್ಪಟ್ಟು ಎಂಬ ಮಾತಿಗೆ ಮರುಳಾಗಿ ಆರು ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ತಿಳಿದವರು ಬಿಚ್ಚಿ ನೋಡಿದರೆ, ವಿಂಡೋಸ್ 95ರ ಮೇಲೆ ಅದು ಮೆಮೊರಿಯನ್ನು ಹಿಗ್ಗಿಸುವ ಕೆಲಸವನ್ನೇ ಮಾಡುತ್ತಿರಲಿಲ್ಲ. ಮರುವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಅದರ ನಂತರದ ತಲೆಮಾರಿನ ‘ರ್‍ಯಾಮ್ ಆಪ್ಟಿಮೈಸರ್’ಗಳು ಇನ್ನೂ ಜಾಣರು, ಅವು ನಿಜಕ್ಕೂ ಕೆಲಸ ಮಾಡುತ್ತವೆ. ತೆರೆದಿಟ್ಟ ಪ್ರೋಗ್ರಾಮುಗಳ ಮಾಹಿತಿಯನ್ನು ಮೆಮೊರಿಯಿಂದ ಹಾರ್ಡ್ ಡಿಸ್ಕಿಗೆ ಒತ್ತಿಹಾಕುತ್ತವೆ. ಗಡಿಯಾರದ ಪಕ್ಕದ ಮೀಟರಿನಲ್ಲಿ ಖಾಲಿ ಜಾಗ ಜರ್‍ರನೆ ಏರುತ್ತದೆ, ನೋಡುವವರ ಮುಖವೂ ಅರಳುತ್ತದೆ. ಅರ್ಧ ಬರೆದ ಪತ್ರಕ್ಕೆ ಮರಳಿದಾಗ ತಾನೇ ತಳ್ಳಿದ್ದನ್ನು ಡಿಸ್ಕಿನಿಂದ ಮತ್ತೆ ಹೊತ್ತು ತರಲು ಯಂತ್ರ ಕರಕರ ಎನ್ನುತ್ತದೆ. ಎಷ್ಟು ನಿಧಾನ ಆಯಿತು ನೋಡಿ ಎಂದು ಇನ್ನೊಮ್ಮೆ ‘ಆಪ್ಟಿಮೈಸ್’ ಒತ್ತುತ್ತೇವೆ.

ಗಡಿಯಾರದ ಪಕ್ಕದ ಆ ಮೂಲೆಯೇ ಒಂದು ಪ್ರಪಂಚ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎನ್ನಲು ಒಂದು ಐಕಾನ್, ಫ್ಯಾನ್ ಎಷ್ಟು ಸುತ್ತುತ್ತಿದೆ ಎನ್ನಲು ಇನ್ನೊಂದು, ಬಿಸಿ ಅಳೆಯಲು ಮಗದೊಂದು. ಕಂಪ್ಯೂಟರ್ ಶುರುವಾಗುವಾಗ ಬೇಡದ್ದೇನೂ ಶುರುವಾಗದಂತೆ ತಡೆಯುವ ಮಹಾಶಯನೂ ಅಲ್ಲೇ ಇದ್ದಾನೆ. ಎಲ್ಲರಿಗಿಂತ ಮೊದಲು ಶುರುವಾಗುವವನು ಅವನೇ.

ಇಷ್ಟೂ ತಾಂತ್ರಿಕ ಶ್ರಮ ಬೇಕಿಲ್ಲ ಎಂದು ತೋರಿಸಿಕೊಟ್ಟದ್ದು ಅಮೆರಿಕದ ಆಫೀಸ್ ಡಿಪೋ ಮಳಿಗೆಗಳು. ಅಲ್ಲಿ ‘ಪಿಸಿ ಹೆಲ್ತ್ ಚೆಕ್’ ಉಚಿತವಾಗಿತ್ತು. ನಿಧಾನವೇ, ವೈರಸ್ ಎಚ್ಚರಿಕೆ ಬರುತ್ತದೆಯೇ ಎಂಬಂಥ ನಾಲ್ಕು ಪ್ರಶ್ನೆ. ಒಂದಕ್ಕೆ ಹೌದು ಎಂದರೂ ಸಾಕು, ಮಾಲ್‌ವೇರ್ ಲಕ್ಷಣ ಸಿಕ್ಕಿತು ಎನ್ನುತ್ತಿತ್ತು; ಸ್ಕ್ಯಾನಿಗೂ ಆ ಉತ್ತರಕ್ಕೂ ಸಂಬಂಧವೇ ಇರಲಿಲ್ಲ ಎಂದು ಟ್ರೇಡ್ ಕಮಿಷನ್ ಆರೋಪಿಸಿತು. 2019ರಲ್ಲಿ ಮಳಿಗೆಯವರೂ ತಂತ್ರಾಂಶ ಒದಗಿಸಿದ ಸಪೋರ್ಟ್ ಡಾಟ್ ಕಾಮ್‌ನವರೂ ಸೇರಿ 3.5 ಕೋಟಿ ಡಾಲರ್ ತೆತ್ತು ರಾಜಿಯಾದರು. ಇನ್ನು 2017ರಲ್ಲಿ, ಕಸ ಗುಡಿಸುವುದರಲ್ಲೇ ಹೆಸರು ಮಾಡಿದ ‘ಸಿಕ್ಲೀನರ್’ನ 5.33 ಆವೃತ್ತಿಯೊಳಗೇ ಹ್ಯಾಕರ್‌ಗಳು ನುಸುಳಿ, ಸುಮಾರು 22.7 ಲಕ್ಷ ಮಂದಿಯ ಯಂತ್ರಗಳಿಗೆ ಪೊರಕೆಯ ಜೊತೆ ಕಸವೂ ತಲುಪಿತು.

ನಾವೇನು ಕಡಿಮೆಯೇ? ಮೂವತ್ತು ದಿನದ ಟ್ರಯಲ್ ಮುಗಿದರೆ ಕಂಪ್ಯೂಟರಿನ ತಾರೀಕನ್ನೇ ಹಿಂದಕ್ಕೆ ತಿರುಗಿಸಿ, ಫೆಬ್ರವರಿಯಲ್ಲಿ ವರ್ಷಗಟ್ಟಲೆ ಬದುಕಿದ ಜನ ನಾವು. ಫೈಲು ಕುಗ್ಗಿಸುವ ವಿನ್‌ರಾರ್‌ನ ನಲವತ್ತು ದಿನದ ಗಡುವು ಇನ್ನೂ ಮುಗಿದಿಲ್ಲ. ಡಾಲರ್ ಕಳಿಸಲು ಕಾರ್ಡ್ ಇರಲಿಲ್ಲ ಎಂಬ ನೆಪವೂ ಸುಳ್ಳಲ್ಲ. ಅದಕ್ಕೇ ಬೆಂಗಳೂರಿನ ಎಸ್‌ಪಿ ರಸ್ತೆಯ ಸಿಡಿ, ಅದರಲ್ಲಿ ಕ್ರ್ಯಾಕ್, ಕ್ರ್ಯಾಕಿನಲ್ಲಿ ವೈರಸ್. ಕಂಪ್ಯೂಟರನ್ನು ಕಾಯುವ ಪ್ರೋಗ್ರಾಮನ್ನು ಕದ್ದು ತಂದು, ಅದರಿಂದ ಕಂಪ್ಯೂಟರನ್ನು ಕಾಯಲು ಇನ್ನೊಂದನ್ನು ಕದಿಯುವುದು. ಇದಕ್ಕೆ ಸಿಸ್ಟಮ್ ಮೇಂಟೆನೆನ್ಸ್ ಎಂದು ಹೆಸರು.

ಹಾಗಂತ ಒಳ್ಳೆಯ ಉಪಕರಣಗಳೇ ಇರಲಿಲ್ಲವೆಂದಲ್ಲ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಿಂದ ‘ಸಿಸ್‌ಇಂಟರ್ನಲ್ಸ್’ ಉಪಕರಣಗಳನ್ನು ಪುಕ್ಕಟೆ ಹಂಚಿದರು. 2005ರಲ್ಲಿ ಸೋನಿ ಬಿಎಂಜಿಯ ಹಾಡಿನ ಸಿಡಿ ಗುಟ್ಟಾಗಿ ಒಳಸೇರಿಸಿದ್ದ, ತನ್ನನ್ನೇ ಮರೆಮಾಚುವ ‘ರೂಟ್‌ಕಿಟ್’ ಪ್ರೋಗ್ರಾಮು ಸಿಕ್ಕಿಬಿದ್ದದ್ದು ಅವುಗಳಲ್ಲೊಂದಕ್ಕೆ. ಮರುವರ್ಷ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡಿತು. ಉಪಕರಣಗಳು ಈಗಲೂ ಪುಕ್ಕಟೆ. ಆದರೆ ಪಾಪ, ಅವುಗಳಿಗೆ ವ್ಯವಹಾರಜ್ಞಾನವಿಲ್ಲ. ಯಾವ ಪ್ರೋಗ್ರಾಮ್ ಏನು ಮಾಡುತ್ತಿದೆ ಎಂದು ತೋರಿಸಿ ಸುಮ್ಮನಾಗುತ್ತವೆ. ಪರಿಸ್ಥಿತಿ ಗಂಭೀರ ಎಂದು ಒಮ್ಮೆಯೂ ಕೂಗುವುದಿಲ್ಲ. ಇಂಥವನ್ನು ಯಾರು ನಂಬುತ್ತಾರೆ?

ನಂಬುವ ಮನಸ್ಸಿದ್ದರೆ ಒಂದು ಮಾತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಅದು ನಿಮ್ಮ ವಿಂಡೋಸ್ ಜೊತೆಗೇ ಬಂದದ್ದು. ‘ಸ್ಟಾರ್ಟಪ್’ ವಿಭಾಗದಲ್ಲಿ ನಿಮ್ಮ ಆಪ್ಟಿಮೈಸರ್ ಹೆಸರು ಇದ್ದೇ ಇರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಡಿಸೇಬಲ್’ ಒತ್ತಿ. ಕಾರ್ಡ್ ನಂಬರ್ ಕೇಳುವುದಿಲ್ಲ.