ಬೆಟ್ಟದ ಮೇಲೊಂದು ಮನೆಯಾಸೆ

ಬೇಸಿಗೆ ಬಂತೆಂದರೆ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಬೆಂಗಳೂರು, ಮೈಸೂರಿನ ಕಾರುಗಳು ಸಾಲುಗಟ್ಟುತ್ತವೆ. ಕೊಳ್ಳೇಗಾಲದ ಬಿಸಿಲಲ್ಲಿ ಬೆವೆತವರಿಗೆ ಬೆಟ್ಟದ ಗಾಳಿ ತಾಗಿದ್ದೇ ತಡ, ‘ರಿಟೈರಾದ ಮೇಲೆ ಇಲ್ಲೇ ಇದ್ದುಬಿಡೋಣ’ ಎಂಬ ಮಾತು ಹೊರಡುತ್ತದೆ; ಮೊಬೈಲ್ ಸಿಗ್ನಲ್ ಹೋದೊಡನೆ ಆ ಮಾತೂ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಭರಚುಕ್ಕಿ ಜಲಪಾತಕ್ಕೆ ಹೋಗಿ, ಬಂಡೆಗಳನ್ನಷ್ಟೇ ಕಂಡು, ನಲ್ಲಿ ತಿರುಗಿಸುವುದು ಊರವರ ಕೆಲಸವೆಂಬಂತೆ ದಬಾಯಿಸುವವರೂ ಉಂಟು. ಹನೂರಿನ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರಿಗೆ ಇಂಥ ಚಪಲವಿಲ್ಲ. ಹರಕೆ ತೀರಿಸಿ ಮನೆಗೆ ಮರಳುತ್ತಾರೆ.

ಬಿಳಿಗಿರಿ 2011ರಲ್ಲೇ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸೈಟುಗಳೆಲ್ಲ ಹುಲಿಗಳಿಗೆ ಹಂಚಿಕೆಯಾದಂತೆಯೇ. ಊರವನಾಗುವ ದಾರಿ ಕಂಡುಕೊಂಡವನು ಬೆಟ್ಟದ ದೇವರು ರಂಗನಾಥ ಮಾತ್ರ: ಇಲ್ಲಿನ ಬುಡಕಟ್ಟು ಜನರಾದ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನೆಂದು ಐತಿಹ್ಯ. ಸೋಲಿಗರು ಅವನನ್ನು ಇಂದಿಗೂ ಭಾವ ಎಂದೇ ಕರೆಯುತ್ತಾರೆ.