ಅಂಗಾಲಿನ ಬ್ರೇಕು

ಬಳ್ಳಾರಿ ಸೀಮೆಯ ಸೈಕಲ್ ಸವಾರಿ ಒಂದೇ ಒಂದು ನಿಯಮದ ಮೇಲೆ ನಡೆಯುತ್ತದೆ: ಸೈಕಲ್ಲಿನ ಯಾವ ಭಾಗ ಕೆಟ್ಟಿದೆಯೋ ಅದರ ಕೆಲಸವನ್ನು ಸವಾರನ ಮೈಯ ಯಾವುದಾದರೊಂದು ಅಂಗ ವಹಿಸಿಕೊಳ್ಳಬೇಕು. ಬೆಲ್ಲು ಹೋದರೆ ಗಂಟಲು, ಬ್ರೇಕು ಹೋದರೆ ಅಂಗಾಲು, ಸ್ಟ್ಯಾಂಡು ಮುರಿದರೆ ಸೊಂಟ. ದೀಪ ಇಲ್ಲದಿದ್ದರೆ ಅಂಗ ಯಾವುದೂ ಒದಗದು, ದೈವಭಕ್ತಿಯೇ ಗತಿ. ಹೀಗಾಗಿ ಇಲ್ಲಿ ಸೈಕಲ್ಲು ರಿಪೇರಿಗೆ ಹೋಗುವುದು ಕಡಿಮೆ, ಸವಾರ ಹೋಗುವುದು ಹೆಚ್ಚು. ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಬಾಗಿಲು ಹಾಕಿತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಓಡಾಡುವ ಹಳೇ ಅಟ್ಲಾಸುಗಳಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ದಿನನಿತ್ಯದ ಸವಾರರಲ್ಲಿ ಹಲವು ಬಗೆ. ಬಳ್ಳಾರಿ ನಗರದಲ್ಲಿ ಜೀನ್ಸ್ ಹೊಲಿಗೆ ಘಟಕಗಳ ಟೈಲರುಗಳು, ಹಾಲಿನವರು, ಪೇಪರ್ ಹುಡುಗರು, ಗಾರೆ ಕೆಲಸದವರು. ಸಿರುಗುಪ್ಪದಲ್ಲಿ ರೈಸ್ ಮಿಲ್ಲಿನ ಹಮಾಲರು. ಕುರುಗೋಡಿನ ಸುತ್ತ ಹೈಸ್ಕೂಲು ಮಕ್ಕಳು. ಮಕ್ಕಳ ಸಂಖ್ಯೆ ಏರಿದ್ದು 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ. ಸೈಕಲ್ಲಿನ ಅಳತೆ ಸರ್ಕಾರದ್ದು, ಕಾಲಿನ ಅಳತೆ ಮಕ್ಕಳದು. ಎರಡೂ ಕೂಡಿಬರುವ ಹೊತ್ತಿಗೆ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿರುತ್ತಿದ್ದ. ಅದಕ್ಕೂ ಹಿಂದಿನ ತಲೆಮಾರು ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತದ್ದು. ಈ ಭಂಗಿಯಲ್ಲಿ ಸೈಕಲ್ಲು ಬಲಕ್ಕೆ, ಹುಡುಗ ಎಡಕ್ಕೆ ವಾಲಿರುವುದರಿಂದ ಎದುರು ಬರುವವನಿಗೆ ಇವರಿಬ್ಬರೂ ಬೇರೆ ಬೇರೆ ಊರಿಗೆ ಹೊರಟಂತೆ ಕಾಣುತ್ತದೆ. ಎತ್ತ ಸರಿಯಬೇಕೆಂದು ತಿಳಿಯದೆ ಅವನು ನಿಂತುಬಿಡುತ್ತಾನೆ. ಡಿಕ್ಕಿ ಅಲ್ಲೇ.

ಅವಘಡಗಳಲ್ಲಿ ಮೊದಲನೆಯದು ನೆಲದಿಂದಲೇ ಬರುತ್ತದೆ. ಕಾಲುವೆ ದಂಡೆ, ರೈಲು ಹಳಿಯ ಪಕ್ಕ, ಮನೆ ಕಟ್ಟದೆ ಬಿಟ್ಟ ಸೈಟು, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಜಿಲ್ಲೆಯ ಹೆಸರು ಹೊತ್ತಿದ್ದರೂ ಗಿಡ ಪರದೇಶಿ, ಅಮೆರಿಕ ಖಂಡದ್ದು. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿದ್ದ ಕಾಲ, 1870ರ ದಶಕದಲ್ಲಿ, ಅದೇ ಪ್ರಾಂತದ ಕಡಪ ಜಿಲ್ಲೆಯಲ್ಲಿ ಇದನ್ನು ನೆಡಿಸಿದರು. ಒಣಭೂಮಿಗೆ ಹಸಿರು, ಒಲೆಗೆ ಸೌದೆ ಎಂಬ ಲೆಕ್ಕ. ಟ್ಯೂಬಿನ ಲೆಕ್ಕ ಯಾರೂ ಹಾಕಲಿಲ್ಲ, ಹಾಕುವಂತೆಯೂ ಇರಲಿಲ್ಲ. ಡನ್‌ಲಪ್ ಸಾಹೇಬ ಗಾಳಿ ತುಂಬುವ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅಂದರೆ ಸೈಕಲ್ಲಿಗೆ ಗಾಳಿ ಟೈರು ಬರುವ ಮೊದಲೇ ಮುಳ್ಳು ಬಂದು ಕಾದು ಕೂತಿತ್ತು. ಇದರ ಜೊತೆಗೆ ನೆಗ್ಗಿಲು. ನೆಲಕ್ಕಂಟಿ ಹರಡಿ ಹಳದಿ ಹೂ ಬಿಡುವ ಈ ಗಿಡದ ಕಾಯಿ ಹೇಗೆ ಉರುಳಿಬಿದ್ದರೂ ಒಂದು ಮುಳ್ಳಾದರೂ ಆಕಾಶ ನೋಡುತ್ತಿರುತ್ತದೆ.

ಪಂಕ್ಚರ್ ಅಂಗಡಿಯವನು ಟ್ಯೂಬು ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾನೆ. ಆಮೇಲೆ ಟೈರಿನ ಒಳಮೈಗೆ ಬೆರಳು ಹಾಕಿ ಒಂದು ಸುತ್ತು ಸವರುತ್ತಾನೆ. ಮುರಿದ ಮುಳ್ಳಿನ ತುದಿ ಅವನ ಬೆರಳಿಗೇ ಚುಚ್ಚಿದಾಗ ಮುಖದಲ್ಲಿ ಸಮಾಧಾನ ಕಾಣಿಸುತ್ತದೆ. ಬೆರಳಿಗೆ ಚುಚ್ಚದೆ ಉಳಿದ ತುದಿ ಮರುದಿನ ಹೊಸ ಪ್ಯಾಚಿನ ಪಕ್ಕದಲ್ಲೇ ಚುಚ್ಚುತ್ತದೆಂದು ಅವನು ಬಲ್ಲ. ಅಪಾಯದ ನಡವಳಿಕೆ ಇರುವುದು ಗಿರಾಕಿಯಲ್ಲಿ. ಗಾಳಿ ಇಳಿದ ಮೇಲೂ ‘ಇಲ್ಲೇ ಐತಲ್ಲ’ ಎಂದು ತುಳಿಯುತ್ತಾನೆ. ಟೈರು ಜಾರಿ ಟ್ಯೂಬನ್ನು ಎಳೆಯುತ್ತದೆ, ವಾಲ್ವಿನ ಬುಡ ಹರಿಯುತ್ತದೆ, ಪ್ಯಾಚಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಹೊಸ ಟ್ಯೂಬಿಗೆ ಹೋಗಿ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಕಲ್ಲಿನಂತೆ ಗಾಳಿ ಹೊಡೆಸಿದ ಹಳೇ ಟೈರು ನಿಲ್ಲಿಸಿದ ಜಾಗದಲ್ಲೇ ಢಮ್ ಎನ್ನುವುದೂ ಉಂಟು. ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದವರೆಲ್ಲ ಎದ್ದು ಬಂದು ನೋಡುತ್ತಾರೆ, ಸೈಕಲ್ಲಿನ ಯಜಮಾನನೊಬ್ಬನನ್ನು ಬಿಟ್ಟು. ಅವನಿಗೆ ಸದ್ದಿನ ಗುರುತು ಹತ್ತಿರುತ್ತದೆ.

ಮಳೆಗಾಲದಲ್ಲಿ ಸಿರುಗುಪ್ಪ, ಕುರುಗೋಡಿನ ಎರೆ ಹೊಲದ ದಾರಿಗೆ ಸೈಕಲ್ ಇಳಿಸಿದರೆ ಹತ್ತು ಮಾರು ದಾಟುವುದರೊಳಗೆ ಮಡ್‌ಗಾರ್ಡು ಮತ್ತು ಟೈರಿನ ನಡುವೆ ಮಣ್ಣು ಮೆತ್ತಿ ಗಾಲಿ ತಿರುಗುವುದನ್ನು ನಿಲ್ಲಿಸುತ್ತದೆ. ತಿಳಿದವರು ಕ್ಯಾರಿಯರಿಗೆ ಒಂದು ಕಡ್ಡಿ ಸಿಕ್ಕಿಸಿಕೊಂಡೇ ಹೊರಡುತ್ತಾರೆ. ಕೆದಕುವುದು, ತುಳಿಯುವುದು, ಮತ್ತೆ ಕೆದಕುವುದು. ಕೊನೆಗೆ ಸೈಕಲ್ಲು ಹೆಗಲೇರುತ್ತದೆ. ಬೀಳುವ ಭಯವಿಲ್ಲದ, ಬ್ರೇಕಿನ ಹಂಗಿಲ್ಲದ ಸೈಕಲ್ ಪ್ರಯಾಣ ಈ ಸೀಮೆಯಲ್ಲಿ ಇದೊಂದೇ.

ಬ್ರೇಕಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಸೈಕಲ್ ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಗಾಲಿಯ ಮೇಲೆ ಬೀಳುತ್ತದೆ. ಆದ್ದರಿಂದ ಹೆಚ್ಚು ಹಿಡಿಯುವುದು ಮುಂದಿನ ಬ್ರೇಕು. ಆದರೆ ಅದನ್ನು ಗಟ್ಟಿಯಾಗಿ ಹಿಡಿದು ಹ್ಯಾಂಡಲಿನ ಮೇಲಿಂದ ಹಾರಿದವರು ಊರಿಗೊಬ್ಬರಾದರೂ ಇದ್ದಾರೆ. ಅವರ ಹಲ್ಲು ನೋಡಿದ ಉಳಿದವರು ಮುಂದಿನ ಬ್ರೇಕನ್ನು ಸಡಿಲ ಮಾಡಿಸಿಕೊಳ್ಳುತ್ತಾರೆ. ಉಳಿದದ್ದು ಹಿಂದಿನದು. ಅದರ ರಬ್ಬರು ಸವೆದದ್ದು ಬೇಗ ಗೊತ್ತಾಗುವುದಿಲ್ಲ, ಏಕೆಂದರೆ ಈ ನಾಡು ಬಹುಮಟ್ಟಿಗೆ ಸಪಾಟು. ತುಳಿಯುವುದು ಬಿಟ್ಟರೆ ಸೈಕಲ್ಲು ತಾನೇ ನಿಲ್ಲುತ್ತದೆ. ರಬ್ಬರು ಪೂರ್ತಿ ಹೋದ ಮೇಲೆ ಕಾಲು ರಂಗಕ್ಕಿಳಿಯುತ್ತದೆ. ಇದರಲ್ಲಿ ಎರಡು ಪಂಥಗಳಿವೆ. ನೆಲಕ್ಕೆ ಹಿಮ್ಮಡಿ ಎಳೆಯುವವರದು ಒಂದು, ಮುಂದಿನ ಟೈರಿನ ಮೇಲೆ ಅಂಗಾಲು ಒತ್ತುವವರದು ಇನ್ನೊಂದು. ಎರಡನೆಯವರನ್ನು ಗುರುತಿಸಲು ಸೈಕಲ್ಲೇ ಬೇಕಾಗಿಲ್ಲ. ಗುಡಿಯ ಮುಂದೆ ಬಿಟ್ಟ ಹವಾಯಿ ಚಪ್ಪಲಿಗಳಲ್ಲಿ ಒಂದರ ಅಡಿಯಲ್ಲಿ ಮಾತ್ರ ಟೈರಿನ ಅಗಲದ ಕಾಲುವೆ ಕೊರೆದಿರುತ್ತದೆ. ಜೋಡಿಯ ಇನ್ನೊಂದು ಹೊಸದರಂತಿರುತ್ತದೆ.

ಸಪಾಟು ನಾಡಿನಲ್ಲೂ ಇಳಿಜಾರುಗಳಿವೆ, ಮನುಷ್ಯ ಮಾಡಿದವು. ಒಂದು, ರೈಲು ಹಳಿಯ ಕೆಳಗೆ ತೂರುವ ಅಂಡರ್‌ಪಾಸು. ಇನ್ನೊಂದು, ತುಂಗಭದ್ರೆಯ ಮೇಲ್ಮಟ್ಟದ, ಕೆಳಮಟ್ಟದ ಕಾಲುವೆಗಳನ್ನೂ ಅವುಗಳ ಕವಲುಗಳನ್ನೂ ದಾಟುವ ಸೇತುವೆಯ ಏರು. ಏರಲು ಎದ್ದು ನಿಂತು ತುಳಿದವನು ಇಳಿಯುವಾಗ ಆ ಶ್ರಮದ ಬಡ್ಡಿ ವಸೂಲಿಗೆಂದು ಕೈಬಿಟ್ಟು ಇಳಿಯುತ್ತಾನೆ. ಇಳಿದಲ್ಲಿ ಎಮ್ಮೆ ನಿಂತಿರುತ್ತದೆ. ಎಮ್ಮೆ ಸರಿಯುವುದಿಲ್ಲ. ಅಂಡರ್‌ಪಾಸಿನಲ್ಲಿ ಮಳೆ ನೀರು ನಿಂತ ದಿನ ಬ್ರೇಕಿನ ಪ್ರಶ್ನೆಯೇ ಏಳದು, ನೀರೇ ನಿಲ್ಲಿಸುತ್ತದೆ. ಆದರೆ ಒದ್ದೆಯಾದ ರಿಮ್ಮಿಗೆ ಹೊಸ ರಬ್ಬರೂ ಹಿಡಿಯುವುದಿಲ್ಲವೆಂಬುದು ಆಚೆ ಬದಿ ಹತ್ತಿ ಬಂದು ರಸ್ತೆ ಸೇರುವಾಗ ನೆನಪಾಗುತ್ತದೆ.

ಗಂಟಲಿನ ಬೆಲ್ಲಿಗೆ ಬಳ್ಳಾರಿಯಲ್ಲಿ ಒಂದು ತೊಡಕಿದೆ. ಪೇಟೆಯ ಬೀದಿಯಲ್ಲಿ ಅಡ್ಡ ಬಂದವರಿಗೆ ‘ಸರೀರಿ’ ಎನ್ನಬೇಕೋ, ‘ಜರಗಂಡಿ’ ಎನ್ನಬೇಕೋ, ‘ಹಟೋ’ ಎನ್ನಬೇಕೋ ಎಂಬುದನ್ನು ಬೆನ್ನು ನೋಡಿ ನಿರ್ಧರಿಸಬೇಕು. ನಿರ್ಧಾರವಾಗುವಷ್ಟರಲ್ಲಿ ಚಕ್ರ ಅವರ ಕಾಲ ನಡುವೆ ಇರುತ್ತದೆ. ಅಲ್ಲಿಂದ ಮುಂದಿನ ಬೈಗುಳ ಮೂರು ಭಾಷೆಯಲ್ಲೂ ಸಲೀಸು.

ದೀಪದ ಕಥೆ ಹಳೆಯದು. ಸೈಕಲ್ಲಿಗೆ ಪುರಸಭೆಯ ಬಿಲ್ಲೆ, ರಾತ್ರಿ ದೀಪ ಇರಬೇಕಿದ್ದ ಕಾಲದಲ್ಲಿ ದೀಪವಿಲ್ಲದವನನ್ನೂ ಡಬಲ್ ರೈಡಿಂಗ್ ಮಾಡಿದವನನ್ನೂ ಪೊಲೀಸರು ಹಿಡಿಯುತ್ತಿದ್ದರು, ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಈಗ 1988ರ ಮೋಟಾರು ವಾಹನ ಕಾಯ್ದೆಯ ಲೈಸೆನ್ಸು, ವಿಮೆ, ಹೆಲ್ಮೆಟ್ಟು ಯಾವುದೂ ಸೈಕಲ್ಲಿಗೆ ತಟ್ಟುವುದಿಲ್ಲ. ಅದಕ್ಕೆ ಮೋಟಾರೇ ಇಲ್ಲ. ಈ ಸ್ವಾತಂತ್ರ್ಯವನ್ನು ಸವಾರ ಪೂರ್ತಿ ಬಳಸಿಕೊಳ್ಳುತ್ತಾನೆ: ಎದುರು ದಿಕ್ಕಿನಲ್ಲಿ ಬರುತ್ತಾನೆ, ಡಿವೈಡರಿನ ಮೇಲೆ ಸೈಕಲ್ ಎತ್ತಿ ದಾಟಿಸುತ್ತಾನೆ, ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ ಕತ್ತು ಓರೆ ಮಾಡಿ ಹೋಗುತ್ತಾನೆ. ಕತ್ತು ವಾಲಿದ ಕಡೆ ಸೈಕಲ್ಲೂ ವಾಲುತ್ತದೆ. ಸೈಕಲ್ಲಿನ ಪ್ರತಿಫಲಕಗಳಿಗೆ ಗುಣಮಟ್ಟ ಗೊತ್ತುಮಾಡಿ ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಪೆಡಲಿನ, ಕಡ್ಡಿಗಳ ನಡುವಿನ, ಹಿಂಬದಿಯ ಈ ಹೊಳೆಯುವ ಬಿಲ್ಲೆಗಳು ಹೊಸ ಸೈಕಲ್ಲು ಮನೆಗೆ ಬಂದ ವಾರದಲ್ಲೇ ಮಕ್ಕಳ ಕಂಪಾಸ್ ಪೆಟ್ಟಿಗೆ ಸೇರುತ್ತವೆ.

ಹೇರಿನಲ್ಲಿ ಬಳ್ಳಾರಿಯ ಸವಾರ ಲಾರಿಯವನಿಗೆ ಸಡ್ಡು ಹೊಡೆಯುತ್ತಾನೆ. ನಲ್ಲಿಯಲ್ಲಿ ನೀರು ದಿನಗಟ್ಟಲೆ ಬಾರದ ಬಡಾವಣೆಗಳಲ್ಲಿ ಹ್ಯಾಂಡಲಿಗೆ ಎರಡು, ಕ್ಯಾರಿಯರಿನ ಅಕ್ಕಪಕ್ಕ ಎರಡು ಕೊಡ ತೂಗುತ್ತವೆ. 20 ಲೀಟರಿನ ಕ್ಯಾನು ಕಟ್ಟಿಕೊಂಡರೆ 20 ಕಿಲೋ ಭಾರ, ಅದೂ ಒಳಗೊಳಗೆ ತುಳುಕುವ ಭಾರ. ಸವಾರ ಎಡಕ್ಕೆ ತಿರುಗಿದಾಗ ನೀರು ಒಂದು ಕ್ಷಣ ಯೋಚಿಸಿ ಆಮೇಲೆ ತಿರುಗುತ್ತದೆ. ತುಂಬಿದ ಗ್ಯಾಸ್ ಸಿಲಿಂಡರು ಸುಮಾರು 30 ಕಿಲೋ. ಅದನ್ನು ಕಟ್ಟುವುದು ಹಳೇ ಟ್ಯೂಬಿನಿಂದ. ಕತ್ತರಿಸಿದ ಜೀನ್ಸ್ ಬಟ್ಟೆಯ ಗಂಟು ಹೇರಿದಾಗಲಂತೂ ಹಿಂದಿನಿಂದ ಬರುವವರಿಗೆ ಸವಾರ ಕಾಣುವುದೇ ಇಲ್ಲ, ಗಂಟೊಂದು ತಾನಾಗಿ ಹೋಗುತ್ತಿರುತ್ತದೆ. ಮನುಷ್ಯರನ್ನು ಹೇರುವುದರಲ್ಲಿ ಮಾತ್ರ ನಗಲಾರದ ಸಂಗತಿಯಿದೆ. ಕ್ಯಾರಿಯರ್ ಮೇಲೆ ಕೂತ ಮಗುವಿನ ಹಿಮ್ಮಡಿ ಕಡ್ಡಿಗಳೊಳಗೆ ಸಿಕ್ಕುವುದು ವೈದ್ಯರ ಪುಸ್ತಕದಲ್ಲಿ ಪ್ರತ್ಯೇಕ ಹೆಸರಿರುವ ಗಾಯ. ಚರ್ಮ ಸುಲಿದು ಮೂಳೆಗೂ ಪೆಟ್ಟಾಗಬಹುದು. ಸೀರೆಯ ಸೆರಗು, ಹುಡುಗಿಯರ ವೇಲು, ಪಂಚೆಯ ಅಂಚು ಚೈನಿಗೋ ಕಡ್ಡಿಗೋ ಸಿಕ್ಕುವುದೂ ಹೀಗೆಯೇ. ಚೈನು ಕವರೂ ಹಿಂದಿನ ಗಾಲಿಯ ಜಾಲರಿಯೂ ಇದಕ್ಕೆಂದೇ ಇರುವಂಥವು. ಸದ್ದು ಮಾಡುತ್ತವೆಂದು ಮೊದಲು ಬಿಚ್ಚಿ ಎಸೆಯುವುದೂ ಅವನ್ನೇ.

ಕಷ್ಟಪಡದೆ ಮುಂದೆ ಹೋಗುವ ಉಪಾಯವೊಂದು ಸಿರುಗುಪ್ಪದ ಕಡೆ ಪ್ರಚಲಿತ. ಭತ್ತದ ಚೀಲ ಹೇರಿದ ಟ್ರ್ಯಾಕ್ಟರಿನ ಟ್ರೇಲರಿಗೆ ಒಂದು ಕೈ ಕೊಟ್ಟು ತೇಲಿಹೋಗುವುದು. ಟ್ರೇಲರ್ ತಗ್ಗಿಗೆ ಇಳಿಯುವುದು ಮೊದಲು ಡ್ರೈವರಿಗೆ ಗೊತ್ತಾಗುತ್ತದೆ, ಆಮೇಲೆ ಚೀಲಗಳಿಗೆ, ಎಲ್ಲಕ್ಕೂ ಕೊನೆಗೆ ಸೈಕಲ್ಲಿನವನಿಗೆ. ಸುಗ್ಗಿಯಲ್ಲಿ ಅದೇ ಭತ್ತ ರಸ್ತೆಯ ಮೇಲೆ ಹರಡಿರುತ್ತದೆ. ಒಣಗಲು ಹಾಕಿದ ಕಾಳು ಟೈರಿನಡಿ ಉರುಳಿ ಗಾಲಿ ಜಾರುವುದು ಹಗಲಿನ ಅಪಾಯ. ಭತ್ತ ತುಂಬಿಕೊಂಡು ಹೋದ ಮೇಲೂ ರಾಶಿಯ ಕಾವಲಿಗೆ ಸಾಲಾಗಿ ಇಟ್ಟಿದ್ದ ಕಲ್ಲುಗಳು ಅಲ್ಲೇ ಉಳಿಯುತ್ತವೆ. ಅದು ರಾತ್ರಿಯ ಅಪಾಯ, ದೀಪವಿಲ್ಲದವನಿಗೆ ಮೀಸಲು. ತಗ್ಗಾಗಲಿ ಕಲ್ಲಾಗಲಿ, ಅದನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತ ಹೋದರೆ ಹ್ಯಾಂಡಲು ಅಲ್ಲಿಗೇ ಹೋಗುತ್ತದೆ. ಬಿದ್ದವರಲ್ಲಿ ಅರ್ಧ ಜನ ‘ನೋಡ್ಕೊಂಡೇ ಹೊಂಟಿದ್ದೆ’ ಎನ್ನುವುದು ನಿಜವೇ ಹೌದು.

ರೈಲ್ವೆ ಗೇಟು ಹಾಕಿದಾಗ ಮೋಟಾರಿನವರು ಕಾಯುತ್ತಾರೆ, ಸೈಕಲ್ಲಿನವನು ಬಗ್ಗುತ್ತಾನೆ. ಬಳ್ಳಾರಿಯ ಸುಧಾ ಕ್ರಾಸಿನಂಥ ಗೇಟುಗಳು ಒಂದು ತಲೆಮಾರಿಗೆ ಈ ಬೆನ್ನಿನ ವ್ಯಾಯಾಮ ಕಲಿಸಿವೆ. ಸೈಕಲ್ಲು ಓರೆ ಮಾಡಿ ಕಂಬದಡಿ ತೂರಿಸುವಾಗ ಹ್ಯಾಂಡಲು ಸಿಕ್ಕಿಕೊಳ್ಳುವುದು ಸಾಮಾನ್ಯ. ಸಿಕ್ಕಿದ ಹ್ಯಾಂಡಲು ಬಿಡಿಸಿಕೊಳ್ಳಲು ಹಳಿಯ ಮಗ್ಗುಲು ಒಳ್ಳೆಯ ಜಾಗವಲ್ಲ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗೇಟಿನಲ್ಲಿ ಉಳಿಸಿದ ಹೊತ್ತನ್ನು ಆಚೆ ಬದಿಯ ಚಹಾ ಅಂಗಡಿಯಲ್ಲಿ ಕಳೆಯುವುದು ವಾಡಿಕೆ.

ಬಳ್ಳಾರಿ–ಸಿರುಗುಪ್ಪ ದಾರಿ ರಾಷ್ಟ್ರೀಯ ಹೆದ್ದಾರಿ 150ಎ ಭಾಗ. ಓಟ ಹೆಚ್ಚುಕಡಿಮೆ ದಕ್ಷಿಣೋತ್ತರ. ಆಷಾಢದಲ್ಲಿ ಪಡುವಣ ಗಾಳಿ ಸವಾರನ ಪಕ್ಕೆಗೆ ಬಡಿಯುತ್ತದೆ, ಅವನು ಅದಕ್ಕೆ ಒರಗಿಕೊಂಡೇ ತುಳಿಯುತ್ತಾನೆ. ಲಾರಿಯೊಂದು ಗಾಳಿಗೆ ಅಡ್ಡವಾಗಿ ಪಕ್ಕದಲ್ಲಿ ಹಾದಾಗ ಒರಗಲು ಗಾಳಿಯೇ ಇಲ್ಲವಾಗಿ ಸೈಕಲ್ಲು ಲಾರಿಯತ್ತ ಹೊರಳುತ್ತದೆ. ಲಾರಿ ದಾಟಿದೊಡನೆ ಗಾಳಿ ಮತ್ತೆ ಬಂದು ಹೊರಕ್ಕೆ ತಳ್ಳುತ್ತದೆ. ಇಲ್ಲಿ ಮೈಯ ಯಾವ ಅಂಗವೂ ನೆರವಿಗೆ ಬಾರದು. ಲಾರಿಯ ಸದ್ದು ಕೇಳಿದ ಕೂಡಲೇ ರಸ್ತೆ ಬಿಟ್ಟು ಇಳಿದು ನಿಲ್ಲುವವನೇ ಜಾಣ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡವನಿಗೆ ಆ ಸದ್ದೂ ಇಲ್ಲ.

ಬಿದ್ದ ಮೇಲಿನ ಶಿಷ್ಟಾಚಾರ ಮೂರು ಊರಲ್ಲೂ ಒಂದೇ. ಬಿದ್ದವನು ಮೊದಲು ಯಾರಾದರೂ ನೋಡಿದರೇ ಎಂದು ನೋಡುತ್ತಾನೆ, ಆಮೇಲೆ ಸೈಕಲ್ಲನ್ನು, ಕಡೆಗೆ ಮೊಣಕಾಲನ್ನು. ‘ಪೆಟ್ಟಾತೇನಣ್ಣಾ?’ ಎಂದರೆ ‘ಏನಾಗಿಲ್ಲ ಬಿಡಪ್ಪಾ’ ಎಂಬ ಉತ್ತರ ರಕ್ತಕ್ಕಿಂತ ಮೊದಲು ಬರುತ್ತದೆ. ಸೈಕಲ್ಲಿನ ಎದುರು ನಿಂತು, ಮುಂಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಅವುಚಿ, ಸೊಟ್ಟಗಾದ ಹ್ಯಾಂಡಲನ್ನು ಒಂದೇ ಏಟಿಗೆ ತಿರುವಿ ನೆಟ್ಟಗೆ ಮಾಡುತ್ತಾನೆ. ಆ ಅವುಚುವಿಕೆಯಲ್ಲೇ ಮೊಣಕಾಲಿನ ನಿಜಸ್ಥಿತಿ ಅವನಿಗೆ ತಿಳಿಯುತ್ತದೆ. ಮನೆಯಲ್ಲಿ ಅರಿಶಿನ ಹಚ್ಚಿ ಟಿಟಿ ಇಂಜೆಕ್ಷನನ್ನು ನಾಳೆಗೆ ಹಾಕುತ್ತಾರೆ. ಮಣ್ಣು ಹತ್ತಿದ ಗಾಯಕ್ಕೆ ನಾಳೆ ಎಂಬ ಮದ್ದಿಲ್ಲ, ಅಂದೇ ಹೋಗತಕ್ಕದ್ದು.

ವಾಹನ ಗುದ್ದಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯೇ ಅವರಿಗೆ ರಕ್ಷಣೆ ಕೊಟ್ಟಿದೆ. ಗುದ್ದಿದ ವಾಹನ ಗುರುತು ಸಿಗದಂತೆ ಓಡಿಹೋಗಿದ್ದರೆ 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರ ಉಂಟು. ಅರ್ಜಿ ಕೊಡಬೇಕಾದದ್ದು ಆ ಭಾಗದ ಕಂದಾಯ ಅಧಿಕಾರಿಗೆ. ಸೈಕಲ್ಲಿಗೆ ನಂಬರ್ ಪ್ಲೇಟು, ವಿಮೆ ಇಲ್ಲದಿರುವುದು ಈ ಅರ್ಜಿಗೆ ಅಡ್ಡಿಯಲ್ಲ.